ಇರವ ಎಂಬ ಹೆಸರು

ನಮ್ಮ ಊರಿನಲ್ಲಿ ಮಧ್ಯಾಹ್ನದ ಹೊತ್ತು ಗಂಡಸರನ್ನು ಯಾರೂ ಹೆಸರು ಹಿಡಿದು ಕೂಗುತ್ತಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಹೆಂಗಸರು ಬಾಗಿಲಲ್ಲಿ ನಿಂತು ತಟ್ಟೆ ಬಡಿಯುತ್ತಿದ್ದೆವು. ಒಂದೊಂದು ಮನೆಯದು ಒಂದೊಂದು ಬಡಿತ. ನಮ್ಮದು ಅಂಚು ಸೀಳಿದ ಹಿತ್ತಾಳೆ ತಟ್ಟೆ. ಎರಡು ಸಲ ಬಡಿದು, ಸ್ವಲ್ಪ ತಡೆದು, ಇನ್ನೊಂದು ಸಲ. ಎದುರು ಮನೆಯ ಚೆಲುವಾಜಮ್ಮನದು ಅಲ್ಯೂಮಿನಿಯಂ. ಅವಳು ಶುರು ಮಾಡಿದರೆ ನಿಲ್ಲಿಸುತ್ತಲೇ ಇರಲಿಲ್ಲ. ಸುಣ್ಣದ ಗೂಡುಗಳ ಹತ್ತಿರ ಕೆಲಸದಲ್ಲಿರುವ ಗಂಡಸರು ತಂತಮ್ಮ ಮನೆಯ ಸದ್ದನ್ನು ಗುರುತು ಹಿಡಿದು, ಮೈಮೇಲಿನ ಬಿಳಿ ದೂಳು ಕೊಡವಿಕೊಂಡು ಒಬ್ಬೊಬ್ಬರೇ ಬರುತ್ತಿದ್ದರು. ಹೊಸಬರು ಊರಿಗೆ ಬಂದರೆ, ಇವತ್ತು ಏನು ಹಬ್ಬ ಎಂದು ಕೇಳುತ್ತಿದ್ದರು.

ಮಧ್ಯಾಹ್ನ ಹೆಸರು ಹಿಡಿದು ಕೂಗುತ್ತಿದ್ದದ್ದು ಕ್ವಾರಿ. ಊರಿನ ಪಡುವಣ ದಿಕ್ಕಿಗೆ, ಸುಣ್ಣಕಲ್ಲು ಮುಗಿದ ಮೇಲೆ ಬಿಟ್ಟುಬಿಟ್ಟಿದ್ದ ಹಳೆಯ ಕ್ವಾರಿ ಅದು. ವರ್ಷಕ್ಕೆ ಒಂದು ಸಲವೋ ಎರಡು ಸಲವೋ, ಬಿಸಿಲು ನೆತ್ತಿಗೆ ಬಂದು ನೆರಳು ಕಾಲಡಿಗೆ ಸೇರಿಕೊಂಡಾಗ, ಅಲ್ಲಿಂದ ಒಂದು ಗಂಡು ಹೆಸರು ಕೇಳಿಬರುತ್ತಿತ್ತು. ದನಿ ದೊಡ್ಡದಲ್ಲ. ಪಕ್ಕದ ಕೋಣೆಯಿಂದ ಯಾರೋ ಕರೆದಷ್ಟೇ. ಆ ಹೆಸರಿನವನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಎದ್ದು ಹೋಗುತ್ತಿದ್ದ. ತಡೆದರೆ ತಡೆದವರನ್ನೂ ಎಳೆದುಕೊಂಡು ಹೋಗುತ್ತಿದ್ದ. ಸಂಜೆಗೆ ತಾನಾಗಿಯೇ ವಾಪಸು ಬರುತ್ತಿದ್ದ. ಉಣ್ಣುತ್ತಿದ್ದ, ಮಲಗುತ್ತಿದ್ದ, ಮಾರನೆಯ ದಿನ ಗೂಡಿಗೆ ಕಲ್ಲು ತುಂಬಲೂ ಹೋಗುತ್ತಿದ್ದ. ಹೆಸರು ಹಿಡಿದು ಕರೆದರೆ ಮಾತ್ರ ತಿರುಗಿ ನೋಡುತ್ತಿರಲಿಲ್ಲ. ಬರಬರುತ್ತಾ ಮಾತೂ ನಿಂತುಹೋಗುತ್ತಿತ್ತು. ಅಂಥವರನ್ನು ನಾವು ಹೆಸರು ಹೋದವರು ಎನ್ನುತ್ತಿದ್ದೆವು.

ಅದೇ ಹೆಸರಿನವರು ಊರಲ್ಲಿ ಬೇರೆ ಯಾರಿದ್ದರೂ ಅವರದೂ ಜೊತೆಯಲ್ಲೇ ಹೋಗುತ್ತಿತ್ತು. ನಾನು ಮದುವೆಯಾಗಿ ಬಂದ ವರ್ಷ ಒಂದೇ ಮಧ್ಯಾಹ್ನ ಮೂವರು ಸಿದ್ದಯ್ಯಂದಿರು ಸಾಲಾಗಿ ನಡೆದುಹೋದದ್ದನ್ನು ನೋಡಿದೆ. ಒಮ್ಮೆ ಹೋದ ಹೆಸರನ್ನು ಮತ್ತೆ ಇಡುವ ಹಾಗಿರಲಿಲ್ಲ. ಇಟ್ಟರೂ ಮಗು ಅದಕ್ಕೆ ತಿರುಗುತ್ತಿರಲಿಲ್ಲ. ದೇವರ ಹೆಸರುಗಳು ಮುಗಿದವು. ವಾರದ ಹೆಸರುಗಳು, ಮರಗಿಡದ ಹೆಸರುಗಳು ಮುಗಿದವು. ಕೊನೆಕೊನೆಗೆ ಕೈಗೆ ಸಿಕ್ಕಿದ ವಸ್ತುವಿನ ಹೆಸರಿಡುತ್ತಿದ್ದರು. ಚೆಲುವಾಜಮ್ಮನ ದೊಡ್ಡ ಮಗನ ಹೆಸರು ಲಾಂದ್ರ. ಊರು ಬಿಟ್ಟವರೂ ಇದ್ದರು. ಅವರನ್ನೂ ಕ್ವಾರಿ ಕರೆಯಿತು. ಮೂರು ದಿನ ಬಿಟ್ಟು, ಕಾಲು ಬೊಬ್ಬೆಯೆದ್ದು, ನಡೆದುಕೊಂಡೇ ಬಂದರು.

ನನ್ನ ಗಂಡನ ಹೆಸರು ಬೋರಲಿಂಗ. ಈಗ ಹೇಳಬಹುದು, ಹೋದ ಹೆಸರಿಗೆ ಇನ್ನೇನು. ನಾನು ಏಳು ತಿಂಗಳ ಬಸುರಿ. ಅವರು ಊಟಕ್ಕೆ ಕೂತಿದ್ದರು, ಎರಡನೆಯ ಮುದ್ದೆ ಮುರಿಯುತ್ತಿದ್ದರು. ಕ್ವಾರಿಯ ಕಡೆಯಿಂದ ಹೆಸರು ಬಂತು. ಅವರು ಮುದ್ದೆಯನ್ನು ತಟ್ಟೆಗೆ ಹಾಕಿ, ಕೈ ತೊಳೆದುಕೊಂಡು, ಒರಸಿಕೊಂಡು ಎದ್ದರು. ಬಾಗಿಲಿಗೆ ಅಡ್ಡ ನಿಂತೆ. ನನ್ನ ಹೊಟ್ಟೆಗೆ ತಗಲದ ಹಾಗೆ ಪಕ್ಕಕ್ಕೆ ಸರಿದು ಹೋದರು. ಅಲ್ಲಿಯವರೆಗೆ ನಾನು ಗಂಡನ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ಬೀದಿಗೆ ಬಂದು ಕೂಗಿದೆ, "ಬೋರಲಿಂಗಾ" ಎಂದು. ನಾಚಿಕೆ ಬಿಟ್ಟು ಮೂರು ಸಲ ಕೂಗಿದೆ. ಅವರು ತಿರುಗಲಿಲ್ಲ.

ಸಂಜೆ ಬಂದ ಮೇಲೆ ಅವರ ಎದುರಿಗೆ ಕೂತು ಕೇಳಿದೆ. "ಯಾರು ಕರ್ದಿದ್ದು ನಿಮ್ಮನ್ನ? ಅಲ್ಲಿ ಯಾರವ್ರೆ?" ಅವರು ಗೋಡೆ ನೋಡುತ್ತಿದ್ದರು. ಮಾರನೆಯ ದಿನವೂ ಕೇಳಿದೆ. ಹೊಟ್ಟೆ ಹೊತ್ತುಕೊಂಡು ಆ ಎರಡು ತಿಂಗಳು ಪ್ರತಿ ಸಂಜೆ ಅದೊಂದೇ ಪ್ರಶ್ನೆ. ಉತ್ತರ ಬರುತ್ತದೆಂದು ಕೇಳುತ್ತಿದ್ದೆ ಎಂದೇನಲ್ಲ. ಅವರ ಜೊತೆ ಆಡಲು ನನಗೆ ಬೇರೆ ಮಾತು ಉಳಿದಿರಲಿಲ್ಲ.

ಗಂಡು ಮಗು ಹುಟ್ಟಿತು. ಹೆಣ್ಣಾಗಲಿ ಎಂದು ಹರಕೆ ಹೊತ್ತಿದ್ದೆ. ಹೆಣ್ಣು ಹೆಸರುಗಳನ್ನು ಕ್ವಾರಿ ಯಾವತ್ತೂ ಕರೆದದ್ದಿಲ್ಲ. ಹನ್ನೊಂದನೆಯ ದಿನ ತೊಟ್ಟಿಲಿಗೆ ಹಾಕಬೇಕು, ಹೆಸರಿಲ್ಲ. ಬೆಳಿಗ್ಗೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅವರ ಪಕ್ಕ ಕೂತೆ. ಎಂದಿನ ಅಭ್ಯಾಸದಂತೆ, "ಯಾರು ಕರ್ದಿದ್ದು ನಿಮ್ಮನ್ನ?" ಅಂದೆ. ಆಮೇಲೆ, "ಇವನಿಗೇನು ಹೆಸ್ರು ಇಡಾನ, ಹೇಳಿ" ಅಂದೆ. ಅವರು ಮಗುವಿನ ಕಡೆ ಕತ್ತು ಬಗ್ಗಿಸಿದರು. ತುಟಿ ಅಂಟಿಕೊಂಡಿತ್ತು, ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತಾಯಿತು.

"ಇರವ" ಅಂದರು.

ಒಂದೇ ಮಾತು. ಅದಾದ ಮೇಲೆ ಇವತ್ತಿನವರೆಗೆ ಅವರ ಬಾಯಿಂದ ಇನ್ನೊಂದು ಮಾತನ್ನು ನಾನು ಕೇಳಿಲ್ಲ.

ಎರಡು ಪ್ರಶ್ನೆ ಕೇಳಿದ್ದೆ, ಒಂದು ಉತ್ತರ ಸಿಕ್ಕಿತ್ತು. ಅದು ಯಾವ ಪ್ರಶ್ನೆಯದು ಎಂದು ನಾನು ನಿಂತು ಯೋಚಿಸಲಿಲ್ಲ. ಯೋಚಿಸಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಒಂದು ಕ್ಷಣ ಅವರ ತುಟಿಯನ್ನೇ ನೋಡಿದೆ. ಆದರೆ ಮಡಿಲಲ್ಲಿ ಮಗುವಿತ್ತು, ಮಧ್ಯಾಹ್ನದೊಳಗೆ ಹೆಸರು ಬೇಕಿತ್ತು, ಆ ಹೆಸರನ್ನು ಊರಿನಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ. ನನಗೆ ಬೇಕಾದ ಪ್ರಶ್ನೆಗೆ ಆ ಉತ್ತರವನ್ನು ಹೊಂದಿಸಿಕೊಂಡೆ.

ತೊಟ್ಟಿಲು ತೂಗಲು ಬಂದ ಚೆಲುವಾಜಮ್ಮ, "ಇರವ? ಇದೆಂಥ ಹೆಸ್ರೇ ದೇವೀರಿ? ಎಲ್ಲೂ ಕೇಳಿಲ್ವಲ್ಲ" ಅಂದಳು.

"ನಮ್ಮ ಮುತ್ತಜ್ಜನ ಹೆಸ್ರು ಕಣಕ್ಕ" ಅಂದೆ. ಹೆಸರು ಹೋದವನ ಬಾಯಿಂದ ಬಂದದ್ದು ಎಂದರೆ ಯಾರು ತಾನೇ ಮಗುವಿನ ಕಿವಿಯಲ್ಲಿ ಅದನ್ನು ಹೇಳಲು ಒಪ್ಪುತ್ತಿದ್ದರು?

ಎರಡು ವರ್ಷದ ಮೇಲೆ ಲಾಂದ್ರನ ಹೆಸರು ಹೋಯಿತು. ಎಂಟು ವರ್ಷದ ಹುಡುಗ, ಆಡುತ್ತಿದ್ದ ಗೋಲಿಯನ್ನು ಜೇಬಿಗೆ ಹಾಕಿಕೊಂಡು ಎದ್ದು ನಡೆದ. ಆಗ ಚೆಲುವಾಜಮ್ಮನಿಗೆ ಎರಡನೆಯದು ಹುಟ್ಟಿ ವಾರವಾಗಿತ್ತು, ಅದೂ ಗಂಡು. ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. "ನಿಮ್ಮುತ್ತಜ್ಜನ ಹೆಸ್ರು ನನ್ ಮಗನಿಗೂ ಇಟ್ಕೋತೀನಿ ಕಣೆ. ಅದು ಈ ಊರಿನ ಹೆಸ್ರಲ್ಲ, ಕ್ವಾರಿಗೆ ಗೊತ್ತಿಲ್ಲ. ಬೇಜಾರಿಲ್ಲ ತಾನೆ?" ಅವಳ ಕಣ್ಣು ಅತ್ತು ಅತ್ತು ಮುಚ್ಚಿಹೋಗಿದ್ದವು. ಆಗಲೇ ಹೇಳಿಬಿಡಬಹುದಿತ್ತು. "ಇಟ್ಕೊಳಕ್ಕ, ಅದಕ್ಕೇನು" ಅಂದೆ.

ಅಲ್ಲಿಂದ ಶುರುವಾಯಿತು. ಆ ವರ್ಷ ಹುಟ್ಟಿದ ಗಂಡು ಮಕ್ಕಳೆಲ್ಲ ಇರವ. ಮುಂದಿನ ವರ್ಷವೂ ಅಷ್ಟೇ. ಕ್ವಾರಿ ಯಾರನ್ನೂ ಕರೆಯಲಿಲ್ಲ. ಎರಡು ವರ್ಷ ಸುಮ್ಮನಿತ್ತು, ಮೂರು ವರ್ಷ ಸುಮ್ಮನಿತ್ತು. ದೊಡ್ಡ ಗಂಡಸರೂ ತಮ್ಮ ಹೆಸರನ್ನು ಬಿಟ್ಟು ಈ ಹೆಸರನ್ನು ಹಾಕಿಕೊಂಡರು. ಐವತ್ತು ವರ್ಷದವರನ್ನೂ ಹೆಂಡತಿಯರು ಮಣೆಯ ಮೇಲೆ ಕೂರಿಸಿ ಹೊಸದಾಗಿ ನಾಮಕರಣ ಮಾಡಿದರು. ದೊಡ್ಡಿರವ, ಸಣ್ಣಿರವ, ಕರಿ ಇರವ, ಗೂಡಿನ ಇರವ, ಉಗ್ಗಿನ ಇರವ. ಶಾಲೆಯಲ್ಲಿ ಶ್ರೀಕಂಠಯ್ಯ ಮೇಷ್ಟ್ರು ಹಾಜರಿ ಕರೆದರೆ ಇಡೀ ಕೋಣೆ ಒಟ್ಟಿಗೆ "ಬಂದೆ ಸಾರ್" ಎನ್ನುತ್ತಿತ್ತು. ಅವರು ಕೊನೆಗೆ ತಲೆ ಎಣಿಸಿಕೊಂಡು ಪುಸ್ತಕ ಮುಚ್ಚುತ್ತಿದ್ದರು. ಮೇಷ್ಟ್ರು ಹೊರಗಿನಿಂದ ಬಂದವರು. ಊರಿನಲ್ಲಿ ತಮ್ಮ ಹಳೆಯ ಹೆಸರನ್ನೇ ಇಟ್ಟುಕೊಂಡು ಉಳಿದ ಗಂಡಸೆಂದರೆ ಅವರೊಬ್ಬರೇ.

ಹೆಸರಿಗೆ ಅರ್ಥ ಹೇಳಿಕೊಟ್ಟವರೂ ಅವರೇ. "ಇರುವವನು ಅಂತ ಅರ್ಥ ಕಣ್ರಮ್ಮ. ಇದ್ದಲ್ಲಿ ಇರುವವನು, ಎಲ್ಲಿಗೂ ಹೋಗದವನು. ಎಂಥ ಒಳ್ಳೆ ಹೆಸರು!" ಹೆಂಗಸರಿಗೆ ಇದಕ್ಕಿಂತ ಬೇರೇನು ಬೇಕು? ಮೇಷ್ಟ್ರು ನನ್ನನ್ನು ಕೂರಿಸಿಕೊಂಡು ಮುತ್ತಜ್ಜನ ವಿಷಯ ಕೇಳಿದರು. ಯಾವ ಊರು, ಏನು ಕೆಲಸ. ನಾನು ಬಾಯಿಗೆ ಬಂದದ್ದನ್ನು ಹೇಳಿದೆ. ಕಲ್ಲಿನ ಮೇಲೆ ಕೂತೇ ಇರುತ್ತಿದ್ದ, ತುಂಬ ವರ್ಷ ಬದುಕಿದ್ದ, ಯಾರು ಕರೆದರೂ ಏಳುತ್ತಿರಲಿಲ್ಲ ಎಂದೆ. ಮುಂದಿನ ವರ್ಷ ಶಾಲೆಯ ಗೋಡೆಯ ಮೇಲೆ ಅವನ ಚಿತ್ರ ಬರೆಸಿದರು. ಗಡ್ಡ, ರುಮಾಲು, ಕೂತ ಭಂಗಿ. ಹುಟ್ಟದೇ ಇದ್ದ ನನ್ನ ಮುತ್ತಜ್ಜನಿಗೆ ಶನಿವಾರ ಶನಿವಾರ ಹೂವು ಬೀಳುತ್ತಿತ್ತು. ನಾನೂ ಹೋಗಿ ಕೈಮುಗಿದು ಬರುತ್ತಿದ್ದೆ.

ನನ್ನ ಮಗನಿಗೆ ಏಳೆಂಟು ವರ್ಷವಾಗುವ ಹೊತ್ತಿಗೆ ತಟ್ಟೆ ಬಡಿಯುವುದು ನಿಂತುಹೋಯಿತು. ಮೊದಲು ಯಾರು ಧೈರ್ಯ ಮಾಡಿದರೋ ಗೊತ್ತಿಲ್ಲ. ಒಂದು ಮಧ್ಯಾಹ್ನ ಯಾವುದೋ ಬಾಗಿಲಿನಿಂದ "ಇರವಾ, ಊಟಕ್ ಬಾರೋ" ಎಂಬ ಕೂಗು ಬಂತು. ಬೀದಿಯೆಲ್ಲ ಉಸಿರು ಹಿಡಿದು ನಿಂತಿತು. ಏನೂ ಆಗಲಿಲ್ಲ. ಮಾರನೆಯ ದಿನದಿಂದ ಎಲ್ಲರೂ ಕೂಗಿದೆವು. ನಡುಮಧ್ಯಾಹ್ನ ಮಗನನ್ನು ಹೆಸರು ಹಿಡಿದು ಕೂಗುವ ಸುಖ ಎಂಥದ್ದೆಂದು ಬೇರೆ ಊರಿನವರಿಗೆ ಗೊತ್ತಾಗಲಾರದು. ಬೇಕಾಗಿದ್ದಕ್ಕಿಂತ ಹೆಚ್ಚೇ ಕೂಗುತ್ತಿದ್ದೆವು. ಎದುರಿಗೇ ನಿಂತಿದ್ದರೂ ಕೂಗುತ್ತಿದ್ದೆವು.

ಅವನಿಗೆ ಹದಿನಾಲ್ಕು ತುಂಬಿದ ಬೇಸಿಗೆಯಲ್ಲಿ ಒಂದು ದಿನ ನಾನು ಬಾಗಿಲಿಗೆ ಬಂದು ಅವನನ್ನು ಕರೆದೆ. "ಓ" ಎಂದ. ಆ ದನಿ ಬಂದದ್ದು ದೂರದಿಂದ, ಪಡುವಣದಿಂದ. ಬಿಸಿಲಲ್ಲಿ ಅಲ್ಲಿಗೇಕೆ ಹೋಗಿದ್ದಾನೆ ಎಂದು ಬೈಯಲು ಬಾಯಿ ತೆರೆದೆ. ಆಗ ನನ್ನ ಬೆನ್ನ ಹಿಂದಿನಿಂದ, ಮನೆಯೊಳಗಿನಿಂದ, ಮಗ ಬಂದು, "ಯಾಕವ್ವ, ಇಲ್ಲೇ ಇದ್ದೀನಲ್ಲ" ಅಂದ.

ಅದೇ ದನಿ. ಅವನದೇ ಒಡೆದ ಗಂಟಲು, ಅವನದೇ ಎಳೆತ.

ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಕರೆಯಲಿಲ್ಲ. ಆದರೆ ಬೀದಿಯಲ್ಲಿ ಉಳಿದವರೆಲ್ಲ ಕರೆದರಲ್ಲ. ಒಂದೊಂದು ಕೂಗಿಗೂ ಎರಡೆರಡು "ಓ" ಬರುತ್ತಿದ್ದವು. ಒಂದು ಗೂಡಿನ ಕಡೆಯಿಂದ, ಇನ್ನೊಂದು ಪಡುವಣದಿಂದ. ತಾಯಂದಿರು ಅದನ್ನು ಕ್ವಾರಿಯ ಗೋಡೆಗೆ ತಾಗಿ ಬಂದ ಮಾರ್ದನಿ ಎಂದುಕೊಂಡರು. ನಾನು ದಿನವೂ ಕಿವಿಗೊಟ್ಟು ಕೂತೆ. ಒಂದು ವಾರ ಅದು ಕ್ವಾರಿಯ ತಳದಿಂದ ಬರುತ್ತಿತ್ತು. ಆಮೇಲೆ ಅಂಚಿನಿಂದ. ಆಮೇಲೆ ಊರಿನ ತುದಿಯ ಹೊಂಗೆಮರದ ಹತ್ತಿರದಿಂದ. "ಓ" ಎಂದಷ್ಟೇ ಹೇಳುತ್ತಿದ್ದದ್ದು ಈಗ "ಓ, ಬಂದೆ" ಎನ್ನುತ್ತಿತ್ತು. ಕರೆದರೆ ಬರದೇ ಇನ್ನೇನು ಮಾಡೀತು? ದಿನಕ್ಕೆ ನೂರು ಸಲ, ಏಳು ವರ್ಷ ಕರೆದಿದ್ದೆವು.

ನನ್ನ ಗಂಡ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದರು. ಅವರ ಮುಖವನ್ನು ನೋಡಿದೆ. ಹದಿನಾಲ್ಕು ವರ್ಷದ ಹಿಂದೆ ಅವರು ಉತ್ತರ ಕೊಟ್ಟದ್ದು ನನ್ನ ಮೊದಲನೆಯ ಪ್ರಶ್ನೆಗೆ. ಎರಡು ತಿಂಗಳು ದಿನವೂ ಕೇಳಿದ್ದೆನಲ್ಲ, ಹೇಗೋ ಕಷ್ಟಪಟ್ಟು ಹೇಳಿದ್ದರು.

ಮೊದಲು ಹೊಡೆತ ಬಿದ್ದದ್ದು ಚೆಲುವಾಜಮ್ಮನ ಮನೆಗೆ. ಒಂದು ಮಧ್ಯಾಹ್ನ ಅವಳು ತನ್ನ ಇರವನನ್ನು ಕರೆದಳು, ಅವನು ಬಂದ, ಬಡಿಸಿದಳು. ನಮ್ಮ ಬಾಗಿಲಿನಿಂದ ನನಗೆ ಅವಳ ಬೆನ್ನು, ತಟ್ಟೆ, ಗೋಡೆ ಕಾಣುತ್ತಿದ್ದವು. ತಟ್ಟೆಯ ಮುಂದೆ ಯಾರೂ ಇರಲಿಲ್ಲ, ನೆಲ ಮಾತ್ರ ಬೆಳ್ಳಗಿತ್ತು, ಸುಣ್ಣ ಚೆಲ್ಲಿದ ಹಾಗೆ. "ಇನ್ನೊಂಚೂರು ಹಾಕ್ಸ್ಕೊ ಮಗ" ಎನ್ನುತ್ತಿದ್ದಳು. ಅವಳು ಅಷ್ಟು ಅಕ್ಕರೆಯಿಂದ ಮಾತಾಡಿದ್ದನ್ನು ಲಾಂದ್ರನ ಹೆಸರು ಹೋದ ಮೇಲೆ ನಾನು ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಮಗ ಗೂಡಿನಿಂದ ಓಡಿಬಂದ. "ಅವ್ವ, ಹಸಿವು."

ಅವಳು ತಟ್ಟೆ ತೊಳೆಯುತ್ತಿದ್ದಳು. ತಲೆ ಎತ್ತಿ ಅವನನ್ನು ನೋಡಿ, "ಯಾರ್ ಮನೆಯವ್ನಪ್ಪ ನೀನು?" ಅಂದಳು.

ಹುಡುಗ ತಮಾಷೆ ಎಂದುಕೊಂಡು ನಕ್ಕ. "ನಾನು ಕಣವ್ವ, ಇರವ."

"ನನ್ ಮಗ ಉಂಡು ಈಗ್ ತಾನೆ ಹೋದ್ನಲ್ಲ" ಎಂದು ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹುಡುಗ ಜಗುಲಿಯ ಮೇಲೆಯೇ ನಿಂತಿದ್ದ. ನಗು ಇನ್ನೂ ಮುಖದ ಮೇಲೆ ಹಾಗೇ ಇತ್ತು, ತೆಗೆಯಲು ಮರೆತವನಂತೆ. ಕರೆದುಕೊಂಡು ಬಂದು ನಮ್ಮ ಮನೆಯಲ್ಲಿ ಉಣ್ಣಿಸಿದೆ. ಒಂದೇ ವಾರದಲ್ಲಿ ಅಂಥ ಹನ್ನೊಂದು ಹುಡುಗರು ನಮ್ಮ ಮನೆಯಲ್ಲಿ ಸಾಲಾಗಿ ಊಟಕ್ಕೆ ಕೂತರು. ತಾಯಂದಿರು ಮಾತ್ರ ಸುಖವಾಗಿದ್ದರು. ಮಕ್ಕಳು ಈಗೀಗ ಎಷ್ಟು ಚೆನ್ನಾಗಿ ಉಣ್ಣುತ್ತಾರೆ ಎಂದು ನೀರಿಗೆ ಬಂದಾಗ ಹೇಳಿಕೊಳ್ಳುತ್ತಿದ್ದರು.

ಎಂಟನೆಯ ದಿನ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ಸೇರಿಸಲು ಮೇಷ್ಟ್ರಿಗೆ ಹೇಳಿದೆ. ಗೋಡೆಯ ಮೇಲಿನ ಚಿತ್ರದ ಕೆಳಗೆ ನಿಂತು, ಇವನು ನಮ್ಮ ಮುತ್ತಜ್ಜನಲ್ಲ, ಇಂಥವನು ಇರಲೇ ಇಲ್ಲ ಎಂದೆ. ಹೆಸರು ಎಲ್ಲಿಂದ ಬಂತು ಎಂಬುದನ್ನೂ ಹೇಳಿದೆ. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಗೂಡಿನ ಇರವನ ಹೆಂಡತಿ ಮಗುವನ್ನು ಸೊಂಟದಿಂದ ಸೊಂಟಕ್ಕೆ ಬದಲಾಯಿಸಿಕೊಂಡಳು. ಕೊನೆಗೆ ಒಬ್ಬ ಮುದುಕಿ, "ಹನ್ನೆರಡು ವರ್ಷ ನಮ್ ಬಾಯಲ್ಲಿ ಅದನ್ನ ಕರೆಸ್ದಲ್ಲೇ" ಎಂದಳು. ಅಷ್ಟೇ. ಕೂಗಾಡಿದ್ದರೆ ವಾಸಿಯಿತ್ತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಆದದ್ದಾಯಿತು. ಇವತ್ತಿಂದ ಆ ಹೆಸರನ್ನ ಯಾರೂ ಎತ್ತಬೇಡಿ. ಕರೆಯೋದು ಬಿಟ್ಟರೆ ಅದು ಬರೋದು ಬಿಡುತ್ತೆ."

ಬಿಟ್ಟೆವು. ಎಲ್ಲರೂ ಅಟ್ಟದಿಂದ ತಟ್ಟೆ ಇಳಿಸಿದರು. ಮೂರು ಮಧ್ಯಾಹ್ನ ಊರಿನಲ್ಲಿ ತಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅದು ಮನೆಗಳಿಗೆ ಬರಲಿಲ್ಲ, ಕ್ವಾರಿಗೂ ಮರಳಲಿಲ್ಲ. ನಡುಬೀದಿಯ ಬಾವಿಯ ಹತ್ತಿರ ನಿಂತಿತು. ನೀರು ಸೇದಲು ಹೋದವರು ಕಟ್ಟೆಯ ಒಂದು ಕಡೆಯನ್ನು ಬಿಟ್ಟು ಇನ್ನೊಂದು ಕಡೆ ನಿಲ್ಲುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಹಾಗೆ ನಿಲ್ಲಬೇಕು ಎನಿಸುತ್ತಿತ್ತು.

ನಾಲ್ಕನೆಯ ಮಧ್ಯಾಹ್ನ ಅದು ಕರೆಯಿತು. ಹನ್ನೆರಡು ವರ್ಷದ ಮೇಲೆ ಮೊದಲ ಸಲ. "ಶ್ರೀಕಂಠಾ" ಎಂದು, ಬಾವಿಕಟ್ಟೆಯಿಂದ.

ಮೇಷ್ಟ್ರು ಶಾಲೆಯ ಮೆಟ್ಟಿಲಿಳಿದು ಬಂದರು. ಕೈಯಲ್ಲಿದ್ದ ಬಳಪವನ್ನು ಮೆಟ್ಟಿಲ ಮೇಲೆ ಇಟ್ಟರು, ಉರುಳದ ಹಾಗೆ ನೋಡಿಕೊಂಡು ಇಟ್ಟರು. ಕ್ವಾರಿಯವರೆಗೆ ಹೋಗುವ ತೊಂದರೆ ಈಗಿರಲಿಲ್ಲ. ಇಪ್ಪತ್ತು ಹೆಜ್ಜೆ ನಡೆದು, ಬಾವಿಕಟ್ಟೆಯ ಮೇಲೆ, ನಾವು ಬಿಡುತ್ತಿದ್ದ ಆ ಕಡೆಯಲ್ಲಿ ಕೂತರು. ಸಂಜೆಗೆ ಎದ್ದು ಹೋದರು. ಮಾರನೆಯ ದಿನ ಮಕ್ಕಳು "ಸಾರ್" ಎಂದರು, "ಮೇಷ್ಟ್ರೇ" ಎಂದರು. ಅವರು ಬೋರ್ಡಿನ ಕಡೆ ಮುಖ ಮಾಡಿ ನಿಂತೇ ಇದ್ದರು.

ಆ ದಿನ ನನಗೆ ಲೆಕ್ಕ ತಿಳಿಯಿತು. ಅಷ್ಟು ವರ್ಷ ಅದು ಯಾರನ್ನೂ ಕರೆಯದೆ ಇದ್ದದ್ದು, ಅದರ ಹೆಸರು ನಮ್ಮ ಮನೆಮನೆಯಲ್ಲಿ ಆಡುತ್ತಿದ್ದದ್ದರಿಂದ. ಹೆಸರಾಡುವವರಿಲ್ಲದಿದ್ದರೆ ಅದು ಕರೆಯುತ್ತದೆ. ನಾವು ಕರೆದರೆ ಅದು ಬರುತ್ತದೆ. ಇದಕ್ಕೆ ಉಳಿದದ್ದು ಒಂದೇ ದಾರಿ. ಯಾರಾದರೂ ಒಬ್ಬರು ಅದನ್ನು ಕರೆಯುತ್ತಲೇ ಇರಬೇಕು, ಊರಿನಿಂದ ದೂರ ನಿಂತು ಕರೆಯಬೇಕು. ಯಾರು ಎಂದು ಕೇಳುವ ಅಗತ್ಯ ನನಗಿರಲಿಲ್ಲ.

ಮಗನನ್ನು ಕೂರಿಸಿಕೊಂಡು ಹೇಳಿದೆ. "ನಾನೂ ಬತ್ತೀನಿ" ಅಂದ.

"ಬ್ಯಾಡ. ಅಪ್ಪನ್ನ ನೋಡ್ಕೊ."

"ನನ್ ಹೆಸ್ರು?"

"ನೀನೇ ಒಂದ್ ಇಟ್ಕೊ. ಎಲ್ಲಾ ಹುಡುಗ್ರಿಗೂ ಹೇಳು, ಅವರವರೇ ಇಟ್ಕೊಳ್ಳಿ, ಒಳ್ಳೇದು ನೋಡಿ."

"ನೀನ್ ಇಟ್ ಹೋಗವ್ವ." ಅವನು ನನ್ನ ಸೆರಗು ಹಿಡಿದ. "ಒಂದೇ ಒಂದ್ ಸಲ ಕರ್ದು ಹೋಗು."

ಅವನ ತಲೆಯನ್ನು ಎದೆಗೆ ಒತ್ತಿಕೊಂಡೆ. ಬಾಯಿ ತುಂಬ ಹೆಸರುಗಳು ಬಂದವು. ಹದಿನಾಲ್ಕು ವರ್ಷದ ಹಿಂದೆ ಒಂದೂ ಹೊಳೆಯದಿದ್ದವಳಿಗೆ ಆಗ ನೂರು ಹೊಳೆದವು. ಹಲ್ಲು ಕಚ್ಚಿಕೊಂಡೆ. "ನಂಗೊತ್ತಾದ್ರೆ ಯಾವತ್ತಾದ್ರೂ ಬಾಯ್ ತಪ್ಪಿ ಅಂದ್ಬಿಡ್ತೀನಿ ಮಗ. ಅದು ಪಕ್ಕದಲ್ಲೇ ಕೂತು ಕೇಳಸ್ಕೊಳ್ತದೆ. ನೀನು ಏನ್ ಇಟ್ಕೊಂಡೆ ಅಂತ ನಂಗೆ ಹೇಳ್ಬ್ಯಾಡ. ಯಾವತ್ತೂ ಹೇಳ್ಬ್ಯಾಡ."

ಮಾರನೆಯ ಮಧ್ಯಾಹ್ನ ಸೀರೆ ಎತ್ತಿ ಕಟ್ಟಿ, ಅಕ್ಕಿ ಗಂಟು ತಲೆಗೆ ಇಟ್ಟುಕೊಂಡು ಬಾವಿಯ ಹತ್ತಿರ ಹೋದೆ. ಬಾಗಿಲುಗಳೆಲ್ಲ ಮುಚ್ಚಿದ್ದವು; ಸಂದುಗಳಲ್ಲಿ ಕಣ್ಣುಗಳಿದ್ದವು. "ಇರವಾ" ಎಂದು ಕರೆದೆ. "ಓ" ಎಂದಿತು, ನನ್ನ ಮಗನ ದನಿಯಲ್ಲಿ, ತೋಳಿಗೆ ತಾಗುವಷ್ಟು ಹತ್ತಿರದಲ್ಲಿ. "ಬಾ ಮಗ, ಹೋಗಾನ" ಎಂದು ಮೂಡಣದ ಕಡೆ ನಡೆದೆ. ಹತ್ತು ಹೆಜ್ಜೆಗೊಮ್ಮೆ ಕರೆಯುತ್ತಿದ್ದೆ. ಹತ್ತು ಹೆಜ್ಜೆಗೊಮ್ಮೆ "ಬಂದೆ" ಎನ್ನುತ್ತಿತ್ತು. ತಿರುಗಿ ನೋಡಲಿಲ್ಲ. ದಾರಿಯ ಮಣ್ಣು ಕೆಂಪಗಿತ್ತು. ಪಕ್ಕದಲ್ಲಿ ಬೀಳುತ್ತಿದ್ದ ಹೆಜ್ಜೆ ಮಾತ್ರ ಬೆಳ್ಳಗೆ ಮೂಡುತ್ತಿತ್ತು. ಚಿಕ್ಕ ಮಕ್ಕಳ ಹಾಗೆ ಅಲ್ಲಲ್ಲಿ ನಿಂತು ನಿಂತು ಬರುತ್ತಿತ್ತು. ಎರಡು ಗುಡ್ಡ ದಾಟುವಷ್ಟರಲ್ಲಿ ನನ್ನ ಗಂಟಲು ಕಟ್ಟಿಹೋಯಿತು.

ಅಲ್ಲಿ ಕುರಿ ಕಾಯುವವರು ಬಿಟ್ಟುಹೋದ ಒಂದು ಗುಡಿಸಲು ಸಿಕ್ಕಿತು. ಅದರಲ್ಲೇ ಇದ್ದೇನೆ. ಈಗ ಹನ್ನೊಂದು ವರ್ಷವಾಯಿತು. ನೆರಳು ಕಾಲಡಿಗೆ ಬಂದಾಗ ಬಾಗಿಲಲ್ಲಿ ನಿಂತು ಕರೆಯುತ್ತೇನೆ, ಅದು ಬರುತ್ತದೆ, ಬಡಿಸುತ್ತೇನೆ. ಜ್ವರ ಬಂದ ದಿನವೂ ಎದ್ದು ಕರೆದಿದ್ದೇನೆ. ಉಂಡ ಮೇಲೆ ನೆಲದ ಮೇಲೆ ಉಳಿಯುವ ಸುಣ್ಣವನ್ನು ಗುಡಿಸಿ ಗೋಡೆಗೆ ಬಳಿಯುತ್ತೇನೆ. ಹೆದರಿಕೆ ಎಂದೋ ಹೋಯಿತು. ಅದರ ದನಿ ಇನ್ನೂ ಹದಿನಾಲ್ಕು ವರ್ಷದ್ದೇ. ಒಂದೊಂದು ದಿನ ಕಣ್ಣು ಮುಚ್ಚಿ ಕೇಳುತ್ತೇನೆ, ಅದು ತಪ್ಪು ಎಂದು ಗೊತ್ತಿದ್ದೂ.

ನನ್ನ ಮಗ ತಿಂಗಳಿಗೊಮ್ಮೆ ಬರುತ್ತಾನೆ, ಬೆಳಗ್ಗೆಯೇ ಬಂದು ಬಿಸಿಲೇರುವ ಮೊದಲು ಹೋಗುತ್ತಾನೆ. ಅಕ್ಕಿ, ಬೇಳೆ, ಊರಿನ ಸುದ್ದಿ ತರುತ್ತಾನೆ. ಯಾರ ಹೆಸರನ್ನೂ ಎತ್ತದೆ ಸುದ್ದಿ ಹೇಳುವುದನ್ನು ಕಲಿತಿದ್ದಾನೆ. ಎದುರು ಮನೆಯ ಅಕ್ಕ ನಾನು ಹೋದ ನಾಲ್ಕನೆಯ ತಿಂಗಳಲ್ಲಿ ಒಂದು ದಿನ ತನ್ನ ಮಗನನ್ನು ನೋಡಿ, "ಯಾಕೋ ಹಿಂಗ್ ಸಣ್ಣಗಾಗಿದೀಯ" ಎಂದು ಅಪ್ಪಿಕೊಂಡು ಅತ್ತಳಂತೆ. ಹೆಸರು ಹೋದವರ ಹೆಸರುಗಳು ಮರಳಿ ಬರಲಿಲ್ಲ. ಆದರೆ ಮೇಷ್ಟ್ರು ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುತ್ತಾರಂತೆ. "ಅಪ್ಪ ಈಗ 'ಅಪ್ಪಾ' ಅಂದ್ರೆ ತಿರುಗ್ತದೆ ಕಣವ್ವ" ಎಂದ ಒಂದು ಸಲ. ಆ ತಿಂಗಳೆಲ್ಲ ನನಗೆ ಅದೊಂದೇ ಯೋಚನೆ.

ಮೊನ್ನೆ ಬಂದಾಗ ಹೆಂಡತಿಯನ್ನೂ ಕರೆತಂದಿದ್ದ. ಅವಳ ಮಡಿಲಲ್ಲಿ ಮೂರು ತಿಂಗಳ ಕೂಸು. ಗಂಡು. ನನ್ನ ಕೈಗೆ ಕೊಟ್ಟರು. ಕೂಸು ನನ್ನ ಬಳೆ ಹಿಡಿದುಕೊಂಡಿತು.

"ಹೆಸ್ರು ಇಟ್ವಿ ಕಣವ್ವ" ಅಂದ ಮಗ.

"ಹೇಳ್ಬ್ಯಾಡ."

"ಹೇಳಲ್ಲ."

ಕೂಸಿನ ಹಣೆ ಸವರಿದೆ. ತಡೆದುಕೊಳ್ಳಲಾಗಲಿಲ್ಲ. "ಉದ್ದದ್ದೋ, ಗಿಡ್ಡದ್ದೋ?"

"ಗಿಡ್ಡದ್ದು."

"ಕೂಗಕ್ಕೆ ಸಲೀಸಾಗದಾ? ದೂರದಿಂದ ಕರೆದ್ರೆ ಕೇಳ್ಬೇಕು ಮತ್ತೆ."

"ಚೆನ್ನಾಗ್ ಕೇಳ್ತದೆ ಕಣವ್ವ. ಇವ್ಳೇ ಹುಡುಕಿದ್ದು" ಎಂದು ಹೆಂಡತಿಯ ಕಡೆ ನೋಡಿದ. ಅವಳು ನಾಚಿಕೊಂಡು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅವಳ ಹೆಸರನ್ನಾದರೂ ಕೇಳಬಹುದಿತ್ತು, ಹೆಣ್ಣು ಹೆಸರಲ್ಲವೇ, ಅದೂ ಬೇಡವೆನಿಸಿತು. ಮಗಳೇ ಎಂದೆ. ಬಿಸಿಲು ಬಾಗಿಲ ಹತ್ತಿರ ಬಂದಿತ್ತು. ಕೂಸನ್ನು ವಾಪಸು ಕೊಟ್ಟು, "ಹೊರಡಿ, ಹೊತ್ತಾಯ್ತು" ಎಂದೆ. ಅವರು ಗುಡ್ಡದ ಆಚೆ ಮರೆಯಾಗುವವರೆಗೆ, ಮರೆಯಾದ ಮೇಲೂ ಇನ್ನಷ್ಟು ಹೊತ್ತು ನೋಡುತ್ತಾ ನಿಂತೆ. ಆಮೇಲೆ ಅನ್ನ ಬಗ್ಗಿಸಿಟ್ಟು, ಬಾಗಿಲಿಗೆ ಬಂದು ಕರೆದೆ.

ಬಂತು, ಕೂತಿತು. ತಟ್ಟೆ ಇಟ್ಟೆ. ಉಣ್ಣಲಿಲ್ಲ. ಇಷ್ಟು ವರ್ಷದಲ್ಲಿ "ಓ", "ಬಂದೆ" ಎಂಬ ಎರಡು ಮಾತು ಬಿಟ್ಟು ಇನ್ನೊಂದು ಮಾತಾಡಿರಲಿಲ್ಲ.

"ಯಾರವ್ವ ಬಂದಿದ್ದು?" ಎಂದು ಕೇಳಿತು.

ಸೌಟು ಕೈಯಲ್ಲೇ ನಿಂತಿತು. "ಮಕ್ಳೊಂದಿಗ್ರು. ಬಂದಿದ್ರು, ಹೋದ್ರು."

"ಕೂಸಿನ್ ಹೆಸ್ರೇನು?"

"ಗೊತ್ತಿಲ್ಲ ಕಣಪ್ಪ" ಎಂದೆ.

ಅದು ನನ್ನ ಮುಖವನ್ನೇ ನೋಡುತ್ತಿದೆ ಎಂದು ಗೊತ್ತಾಗುತ್ತಿತ್ತು, ಎಲ್ಲಾದರೂ ಸುಳ್ಳು ಅಡಗಿದೆಯೇ ಎಂದು. ನಾನು ಮುಖ ತಿರುಗಿಸಲಿಲ್ಲ. ಕೊನೆಗೆ ಅದು ಉಣ್ಣತೊಡಗಿತು.